ದನ ಮುಟ್ಟದ ಗಿಡ

ಮೊನ್ನೆ ಬೆಳಿಗ್ಗೆ ಕಾಫಿ ಲೋಟ ಇನ್ನೂ ಕೈಯಲ್ಲಿರುವಾಗಲೇ ಫೋನು ಸದ್ದು ಮಾಡಿತು. ಹೊನ್ನಾಳಿಯಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ನನ್ನ ತಮ್ಮ ಮಂಜಣ್ಣ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಚಿತ್ರ ಕಳಿಸಿದ್ದ. ಸುತ್ತಲೂ ಚಿನ್ನದ ಬಣ್ಣದ ಅಂಚು, ಮೇಲೆ ಮುಗಿದ ಕೈಗಳು, ನಡುವೆ ನಗುನಗುತ್ತಿರುವ ಕೆಂಪು ಕಣಗಿಲೆ ಹೂವು. ಕೆಳಗೆ ದಪ್ಪಕ್ಷರದಲ್ಲಿ, ‘ಮಂಡಿನೋವಿಗೆ ಕಣಗಿಲೆ ಎಲೆಯ ಕಷಾಯ, ನಮ್ಮ ಹಿರಿಯರು ಮುಚ್ಚಿಟ್ಟ ಗುಟ್ಟು, ಹತ್ತು ಜನರಿಗೆ ಕಳಿಸಿ ಪುಣ್ಯ ಕಟ್ಟಿಕೊಳ್ಳಿ.’ ಅದರ ಕೆಳಗೆ ನನ್ನ ಇಬ್ಬರು ನಾದಿನಿಯರು ಆಗಲೇ ಹೆಬ್ಬೆರಳು ಎತ್ತಿದ್ದರು.

ನಾನು ಕಾಫಿ ಅಲ್ಲೇ ಇಟ್ಟು ಫೋನು ಮಾಡಿದೆ.

“ಮಂಜಾ, ಕುಡಿದೆಯೇನೋ ಅದನ್ನ?”

“ಇಲ್ಲ ಅಕ್ಕ. ಇವತ್ತು ಶುರು ಮಾಡಾಣ ಅಂತಿದ್ದೆ. ಅಂಗಡಿ ಹಿಂದೇನೇ ಗಿಡ ಐತೆ.”

“ಅದು ವಿಷ ಕಣೋ! ಎದೆ ಬಡಿತ ನಿಲ್ಲಿಸೋ ವಿಷ!”

“ಗಿಡಮೂಲಿಕೆ ಅಲ್ವಾ ಅಕ್ಕ? ಸೈಡ್ ಎಫೆಕ್ಟ್ ಇರಂಗಿಲ್ಲ ಅಂತ ಬರ್ದಾರೆ.”

“ಸೈಡಿನ ಮಾತು ಹಂಗಿರಲಿ, ನೇರವಾಗೇ ಐತೆ ಎಫೆಕ್ಟು. ಮಂಡಿನೋವು ಹೋಗ್ತೈತೆ, ಜೊತೆಗೆ ಮಂಡಿ ಇಟ್ಕೊಂಡಿರೋನೂ ಹೋಗ್ತಾನೆ!”

ಆ ಕಡೆಯಿಂದ ಅವನು ಮೆಲ್ಲಗೆ, “ನೀನು ದನದ ಡಾಕ್ಟ್ರಲ್ವಾ ಅಕ್ಕ, ಮನುಷ್ಯರಿಗೆ ಬೇರೆ ಇರಬಹುದು,” ಅಂದ.

ನನ್ನ ಸಿಟ್ಟು ನೆತ್ತಿಗೇರಿದ್ದು ಆಗ. ನಿವೃತ್ತಿಯಾಗಿ ನ್ಯಾಮತಿಗೆ ಬಂದು ಕೂತ ಮೇಲೆ ನನ್ನ ಸಿಟ್ಟಿಗೆ ಗಿರಾಕಿಗಳು ಕಮ್ಮಿಯಾಗಿದ್ದಾರೆ. ನಮ್ಮ ಯಜಮಾನರು ನಾನು ದನಿ ಏರಿಸಿದ ಕೂಡಲೇ ಪೇಪರು ಎತ್ತಿಕೊಂಡು ಹಿತ್ತಲಿಗೆ ಹೋಗಿಬಿಡುತ್ತಾರೆ. ಹಾಗಾಗಿ ನೀವು ಸಿಕ್ಕಿದ್ದೀರಿ, ಕೇಳಿ.

ಈ ಮಂಜಣ್ಣನಿಗೆ ಕಣಗಿಲೆಯ ಪರಿಚಯ ಹೊಸದೇನೂ ಅಲ್ಲ. ನಾವು ಚಿಕ್ಕವರಿದ್ದಾಗ ಚನ್ನಗಿರಿ ತಾಲ್ಲೂಕಿನ ಕತ್ತಲಗೆರೆಯಲ್ಲಿದ್ದೆವು. ಬಚ್ಚಲ ನೀರು ಹೋಗುವ ಕಡೆ ಒಂದು ಬಿಳಿ, ಒಂದು ಕೆಂಪು ಕಣಗಿಲೆ ಗಿಡ. ಪೂಜೆಗೆ ಹೂ ಬಿಡಿಸುವುದು ನನ್ನ ಕೆಲಸ. ಬಿಡಿಸುವಾಗ ತೊಟ್ಟಿನಿಂದ ಹಾಲು ಬರುತ್ತಿತ್ತು. ಅವ್ವ ಬಚ್ಚಲಲ್ಲಿ ನಿಂತೇ ಕೂಗುತ್ತಿದ್ದಳು: “ಕೈ ತೊಳ್ಕಳೇ, ಕಣ್ಣಿಗೆ ಮುಟ್ಟಬ್ಯಾಡ!” ಯಾಕೆ ಅಂತ ಕೇಳಿದರೆ ಉತ್ತರ ದಿನಕ್ಕೊಂದು. ಒಂದು ದಿನ, ಆ ಗಿಡದ ಕೆಳಗೆ ಮಲಗಿದರೆ ತಲೆ ತಿರುಗುತ್ತದೆ. ಇನ್ನೊಂದು ದಿನ, ಅದು ಇದ್ದ ಕಡೆ ಹಾವು ಬರಲ್ಲ. ಮತ್ತೊಂದು ದಿನ, ಬಾಗಿಲಿಗೆ ಎದುರಾಗಿ ನೆಟ್ಟರೆ ಗಂಡ ಹೆಂಡಿರಿಗೆ ಜಗಳ. (ನಮ್ಮಪ್ಪ ಅವ್ವ ದಿನಾ ಜಗಳ ಆಡುತ್ತಿದ್ದರು, ಗಿಡ ಇದ್ದದ್ದು ಮನೆ ಹಿಂದೆ.) ಶಿವನಿಗೆ ಪ್ರೀತಿ, ಆದರೆ ಹೆಣ್ಣುಮಕ್ಕಳು ಮುಡಿಯಬಾರದು. ಇಷ್ಟೆಲ್ಲ ಹೇಳುವ ಬದಲು ‘ಇದು ವಿಷ, ತಿಂದರೆ ಸಾಯ್ತಾರೆ’ ಅಂತ ಒಂದೇ ಒಂದು ಮಾತು ಹೇಳಿದ್ದರೆ ಏನಾಗುತ್ತಿತ್ತು ಅಂತ ನನಗೆ ಈಗಲೂ ಕೋಪ. ಹೇಳಿರಲಿಲ್ಲ. ಹಾಗಾಗಿ ನಾನು ಎಂಟನೇ ವಯಸ್ಸಿನಲ್ಲಿ ಅಡುಗೆ ಆಟ ಆಡುತ್ತಾ, ತೆಂಗಿನ ಚಿಪ್ಪಿನಲ್ಲಿ ಕಣಗಿಲೆ ಸೊಪ್ಪಿನ ಪಲ್ಯ ಮಾಡಿ, ನಾಲ್ಕು ವರ್ಷದ ಮಂಜನಿಗೆ ಬಡಿಸಿದೆ.

ಅವನು ಒಂದು ಎಲೆ ಬಾಯಿಗೆ ಹಾಕಿ ಅಗಿದ, ಮುಖ ಕಿವುಚಿದ, “ಥೂ” ಅಂತ ನನ್ನ ಲಂಗದ ಮೇಲೇ ಉಗುಳಿ ಅಳತೊಡಗಿದ. ಅವ್ವ ಓಡಿ ಬಂದಳು. ಅವನ ಬಾಯೊಳಗೆ ಬೆರಳು ಹಾಕಿ ಬಳಿದು, ಬಾಯಿ ತೊಳೆಸಿ, ಸೊಂಟದ ಮೇಲೆ ಹೊತ್ತು ಸಿಕ್ಕ ಬಸ್ಸಿಗೆ ಹತ್ತಿ ಚನ್ನಗಿರಿ ಆಸ್ಪತ್ರೆಗೆ ಓಡಿದಳು. ಸಂಜೆ ಬಂದು ನನಗೆ ಪೊರಕೆಯಲ್ಲಿ ಕೊಟ್ಟ ಏಟಿನ ಲೆಕ್ಕ ಇಟ್ಟವರಿಲ್ಲ. ಹೊಡೆದು ಸುಸ್ತಾಗಿ, ನನ್ನನ್ನೇ ತಬ್ಬಿಕೊಂಡು ಅತ್ತಳು. “ಕಹಿ ಇದ್ದದ್ದಕ್ಕೆ ನನ್ನ ಮಗ ಉಳ್ಕಂಡ ಕಣೇ, ಕಹಿ ಇದ್ದದ್ದಕ್ಕೆ,” ಅಂದಳು. ಹಾಗೆ ಉಳಿದವನು ಈಗ ಅದೇ ಎಲೆಯ ಕಷಾಯ ಕಾಯಿಸಲು ಹೊರಟಿದ್ದಾನೆ!

ಆ ಕಹಿಯನ್ನೇ ನಂಬಿಕೊಂಡು ಇಡೀ ನಾಡು ಈ ಗಿಡ ನೆಡುತ್ತಿದೆ. ಸವಳಂಗದ ರಸ್ತೆ ಬದಿಯ ನರ್ಸರಿಯಲ್ಲಿ ಹೋದ ತಿಂಗಳು ಮಲ್ಲಿಗೆ ಬಳ್ಳಿ ಕೇಳಿದರೆ, ಆತ ನನ್ನ ಮುಂದೆ ಕಣಗಿಲೆ ತಂದಿಟ್ಟ. “ಇದನ್ನ ಒಯ್ರಿ ಮೇಡಂ. ನೀರು ಬ್ಯಾಡ, ಗೊಬ್ಬರ ಬ್ಯಾಡ, ವರ್ಷಪೂರ್ತಿ ಹೂವು. ದನ ಮುಟ್ಟಲ್ಲ.” ಯಾಕೆ ಮುಟ್ಟಲ್ಲ ಗೊತ್ತೇನಪ್ಪ ಅಂದೆ. “ಅದೇನೋ ಮುಟ್ಟಲ್ಲ ಮೇಡಂ,” ಅಂದ.

ಈ ‘ದನ ಮುಟ್ಟಲ್ಲ’ ಎನ್ನುವ ಮಾತು ಕೇಳಿದರೆ ನನ್ನ ಮೈ ಉರಿಯುತ್ತದೆ. ಅದಕ್ಕೆ ಕಾರಣ ಜಗಳೂರು ತಾಲ್ಲೂಕಿನಲ್ಲಿ ನಡೆದದ್ದು. ನನ್ನ ನೌಕರಿಯ ಕೊನೆಯ ವರ್ಷಗಳು ಅಲ್ಲೇ ಕಳೆದವು.

ಸೊಕ್ಕೆ ಕಡೆಯ ಒಂದು ಹಳ್ಳಿ. ಅಲ್ಲಿ ಬೀಬಿಜಾನ್ ಅಂತ ಐವತ್ತು ದಾಟಿದ ಹೆಂಗಸು, ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ಹಳೇ ಸೀರೆಗಳನ್ನು ಕೂಡಿಸಿ ಕೌದಿ ಹೊಲಿಯುವುದು, ಆಡು ಸಾಕುವುದು, ಇವೆರಡೇ ಆಕೆಯ ಬದುಕು. ಪಕ್ಕದ ಮನೆಯಲ್ಲಿ ಹನುಮಕ್ಕ, ಹೆಚ್ಚೂ ಕಮ್ಮಿ ಅದೇ ವಯಸ್ಸು. ಒಂದು ತುಂಡು ಹೊಲ, ತೊಗರಿ ಬೆಳೆ, ಊರಿಗೆಲ್ಲ ಕೇಳುವ ಬಾಯಿ. ನಾನು ಆ ಊರಿಗೆ ಹೋದಾಗಲೆಲ್ಲ ಇಬ್ಬರೂ ಜಗುಲಿಯ ಮೇಲೆ ಒಂದೇ ಕೌದಿಯ ಎರಡು ತುದಿಗೆ ಕೂತು ಹೊಲಿಯುತ್ತಿರುತ್ತಿದ್ದರು. ಹೊಲಿಯುತ್ತಾ ಹೊಲಿಯುತ್ತಾ ಹತ್ತಿರ ಬರುತ್ತಿದ್ದರು. ಮೊಣಕಾಲಿಗೆ ಮೊಣಕಾಲು ತಾಗಿದರೆ ಕೌದಿ ಮುಗಿಯಿತು ಅಂತ ಅರ್ಥ.

ಒಂದು ಮಧ್ಯಾಹ್ನ ಆ ಊರಿಂದ ಫೋನು ಬಂತು. ಬೀಬಿಜಾನ್ ಆಡುಗಳು ಬೀಳುತ್ತಿವೆ, ಬೇಗ ಬನ್ನಿ ಅಂತ. ನಾನು ಹೋಗುವಷ್ಟರಲ್ಲಿ ನಾಲ್ಕು ಸತ್ತಿದ್ದವು. ಐದನೆಯದು ಅಂಗಳದಲ್ಲಿ ಕಾಲು ಚಾಚಿ ಬಿದ್ದಿತ್ತು, ಬಾಯಲ್ಲಿ ಜೊಲ್ಲು. ಎದೆಗೆ ಕೊಳವೆ ಇಟ್ಟು ಕೇಳಿದರೆ ಬಡಿತ ಓಡುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಬೀಬಿಜಾನ್ ಅದರ ತಲೆ ತೊಡೆಯ ಮೇಲಿಟ್ಟುಕೊಂಡು, “ಏನಾತ್ರೀ ಡಾಕ್ಟ್ರಮ್ಮ? ಬೆಳಿಗ್ಗೆ ಚೆಂದ ಮೇಯ್ಕಂಡ್ ಬಂದಾವೆ, ಏನಾತು?” ಅನ್ನುತ್ತಿದ್ದಳು.

“ಇದು ವಿಷ,” ಅಂದೆ ನಾನು.

ಅಷ್ಟೇ. ಎರಡು ಶಬ್ದ. ಹೇಳಿ ಚುಚ್ಚುಮದ್ದು ತೆಗೆಯಲು ಬಗ್ಗಿದೆ. ಇದ್ದಿಲ ಪುಡಿ ಕದಡಿ ಕುಡಿಸಿದೆ, ಗೊತ್ತಿದ್ದದ್ದೆಲ್ಲ ಮಾಡಿದೆ. ಆಡು ನನ್ನ ಕೈಯಲ್ಲೇ ಹೋಯಿತು. ಬೀಬಿಜಾನ್ ಹತ್ತಿರ ಉಳಿದದ್ದು ಕಾಲಿಗೆ ಪೆಟ್ಟಾಗಿ ಮನೆಯಲ್ಲೇ ಕಟ್ಟಿದ್ದ ಒಂದು ಕುಂಟ ಹೆಣ್ಣಾಡು ಮಾತ್ರ. ಅಷ್ಟರಲ್ಲಿ ಮತ್ತೊಂದು ಹಳ್ಳಿಯಿಂದ, ಎಮ್ಮೆ ಕರು ಹಾಕಲಾರದೆ ಒದ್ದಾಡುತ್ತಿದೆ ಅಂತ ಕರೆ. “ಸತ್ತವನ್ನ ಹೂಳಬೇಡಿ, ಬೆಳಿಗ್ಗೆ ಬಂದು ಹೊಟ್ಟೆ ಕೊಯ್ದು ನೋಡ್ತೀನಿ,” ಅಂತ ಹೇಳಿ ಹೊರಟುಬಿಟ್ಟೆ.

ನಾನು ಓದಿದ ಕಾಲೇಜಿನಲ್ಲಿ ವಿಷ ಅಂದರೆ ಎಲೆ, ಬೀಜ, ಔಷಧಿ ಡಬ್ಬ, ಏನೂ ಆಗಬಹುದು. ಊರಿನಲ್ಲಿ ವಿಷ ಅಂದರೆ ಒಂದೇ ಅರ್ಥ, ಯಾರೋ ಹಾಕಿದ್ದಾರೆ. ಈ ಸಣ್ಣ ವಿಷಯ ಮೂವತ್ತು ವರ್ಷ ಹಳ್ಳಿ ಸುತ್ತಿದ ನನ್ನ ತಲೆಗೆ ಹೊಳೆಯಲಿಲ್ಲ ನೋಡಿ.

ಬೆಳಿಗ್ಗೆ ಹೋದಾಗ ಚಾವಡಿ ಮುಂದೆ ಜನವೋ ಜನ. ಕಟ್ಟೆಯ ಮೇಲೆ ರುದ್ರಪ್ಪ ಕೂತಿದ್ದರು. ಊರಿನ ದೊಡ್ಡ ಮನುಷ್ಯರು, ರಸ್ತೆ ಬದಿಗೆ ಹೊಸ ಮನೆ ಕಟ್ಟಿಸಿದವರು, ನ್ಯಾಯ ಹೇಳುವವರು. ಕೆಳಗೆ ಬಿಸಿಲಿನಲ್ಲಿ ಹನುಮಕ್ಕ ನಿಂತಿದ್ದಳು. ಮೂರು ದಿನದ ಹಿಂದೆ ಬೀಬಿಜಾನಳ ಆಡುಗಳು ಅವಳ ತೊಗರಿಗೆ ಬಾಯಿ ಹಾಕಿದ್ದವಂತೆ. “ಇನ್ನೊಂದ್ಸಲ ಬಂದ್ರೆ ಜೀವಂತ ಕಳ್ಸಲ್ಲ,” ಅಂತ ಬೀದಿಯಲ್ಲಿ ನಿಂತು ಕೂಗಿದ್ದಳಂತೆ. ಮಾರನೇ ದಿನ ಇಬ್ಬರೂ ಎಂದಿನಂತೆ ಕೌದಿ ಹಿಡಿದು ಕೂತದ್ದು ಯಾರಿಗೂ ನೆನಪಿರಲಿಲ್ಲ. ಕೂಗಿದ್ದು ಮಾತ್ರ ಎಲ್ಲರಿಗೂ ನೆನಪಿತ್ತು.

“ಗುಡಿ ಮೆಟ್ಲು ಮುಟ್ಟಿ ಆಣೆ ಮಾಡ್ಲಿ,” ಅನ್ನುತ್ತಿದ್ದರು ರುದ್ರಪ್ಪ.

“ಮಾಡ್ದೇ ಇರೋದಕ್ಕೆ ಯಾಕ್ ಆಣೆ ಮಾಡ್ಲಿ? ನಾನು ಹಾಕಿಲ್ಲ,” ಅಂದಳು ಹನುಮಕ್ಕ. ಯಾವಾಗಲೂ ಊರಿಗೆಲ್ಲ ಕೇಳುವ ಆ ದನಿ ಅಂದು ಮುಂದೆ ನಿಂತವರಿಗೂ ಸರಿಯಾಗಿ ಕೇಳುತ್ತಿರಲಿಲ್ಲ.

“ಮತ್ತೆ ವಿಷ ಎಲ್ಲಿಂದ ಬಂತು? ಡಾಕ್ಟ್ರಮ್ಮೋರೇ ಬಾಯಿಬಿಟ್ಟು ಹೇಳ್ಯಾರೆ, ವಿಷ ಅಂತ.”

ಎಲ್ಲರೂ ನನ್ನ ಕಡೆ ತಿರುಗಿದರು. ಹನುಮಕ್ಕನೂ ತಿರುಗಿದಳು. ಬೀಬಿಜಾನ್ ಒಂದು ಮೂಲೆಯಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತಿದ್ದಳು, ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನಿನ್ನೆ ಅವಸರದಲ್ಲಿ ಬೀಸಾಡಿ ಹೋದ ನನ್ನ ಎರಡು ಶಬ್ದವನ್ನೇ ಸಾಕ್ಷಿ ಮಾಡಿ ಇವರು ಒಬ್ಬ ಹೆಂಗಸನ್ನು ನಿಲ್ಲಿಸಿದ್ದರು.

“ಸ್ವಲ್ಪ ತಡೀರಿ. ಹೊಟ್ಟೇಲಿ ಏನಿದೆ ಅಂತ ಎಲ್ಲರೂ ಬಂದು ನೋಡಿ,” ಅಂದೆ.

ಎಲ್ಲರ ಎದುರಿಗೇ ಆಡಿನ ಹೊಟ್ಟೆ ಕೊಯ್ದೆ. ಹುಲ್ಲು, ಸಿಪ್ಪೆಗಳ ನಡುವೆ ಉದ್ದನೆಯ, ಸಪೂರ ಎಲೆಯ ಚೂರುಗಳು, ನಡುವೆ ಗೀಟು ಹೊಡೆದ ಹಾಗೆ ನೇರವಾದ ನರ. ಬಟ್ಟಲಲ್ಲಿ ತೊಳೆದು ಅಂಗೈ ಮೇಲಿಟ್ಟು ತೋರಿಸಿದೆ. ಕಣಗಿಲೆ. ಎರಡನೇ ಆಡಿನಲ್ಲೂ ಕಣಗಿಲೆ.

ರುದ್ರಪ್ಪ ನಕ್ಕರು. “ಏನ್ ಹೇಳ್ತೀರಿ ಡಾಕ್ಟ್ರಮ್ಮ? ಕಣಗಿಲೆನ ದನ ಮುಟ್ಟಲ್ಲ, ಕುರಿ ಮುಟ್ಟಲ್ಲ. ಅದಕ್ಕೇ ಅಲ್ವಾ ನಾನು ಕಾಂಪೌಂಡಿಗೆಲ್ಲಾ ಅದನ್ನೇ ಹಾಕ್ಸಿರೋದು? ಶಿವನ ತಲೆ ಮ್ಯಾಲೆ ಇಡೋ ಹೂವಿಗೆ ವಿಷ ಅಂತೀರಲ್ಲ.”

ಜನರೂ ತಲೆ ಆಡಿಸಿದರು. ಬೀಬಿಜಾನ್ ಕೂಡ, “ಇಲ್ರೀ ಡಾಕ್ಟ್ರಮ್ಮ, ದಿನಾ ಆ ಬೇಲಿ ಪಕ್ಕಾನೇ ಹೋಗ್ತೀವಿ. ಒಂದು ದಿನಾನೂ ಮೂಸಿಲ್ಲ,” ಅಂದಳು. ಸುಳ್ಳಲ್ಲ, ಹಸಿ ಎಲೆಯ ಕಹಿಗೆ ಆಡು ಹತ್ತಿರ ಸುಳಿಯುವುದಿಲ್ಲ.

“ಬೇಲಿ ಹತ್ತಿರ ಹೋಗೋಣ ನಡೀರಿ,” ಅಂದೆ.

ಊರೆಲ್ಲ ನನ್ನ ಹಿಂದೆ ಬಂತು. ಬೇಲಿ ನೋಡುವ ಹಾಗಿತ್ತು, ಸುಳ್ಳು ಹೇಳಬಾರದು. ಎದೆಮಟ್ಟಕ್ಕೆ ಒಂದೇ ಸಮ ಕತ್ತರಿಸಿ, ತಿದ್ದಿ ತೀಡಿ ನಿಲ್ಲಿಸಿದ್ದರು. ಕತ್ತರಿಸಿದ ಕೊಂಬೆಗಳೆಲ್ಲಿ ಅಂತ ಹುಡುಕಿದರೆ, ಕಾಂಪೌಂಡಿನ ಹೊರಗೆ, ಆಡು ಕುರಿ ಮೇಯಲು ಹೋಗುವ ದಾರಿಯ ಅಂಚಿನಲ್ಲೇ ರಾಶಿ ಬಿದ್ದಿದ್ದವು. ನಾಲ್ಕು ದಿನದ ಬಿಸಿಲಿಗೆ ಬಾಡಿ, ಸುರುಟಿ, ಒಣಗಿದ್ದವು. ರಾಶಿಯ ಒಂದು ಮಗ್ಗುಲು ಬೋಳಾಗಿತ್ತು, ಮಣ್ಣಿನ ತುಂಬ ಗೊರಸಿನ ಗುರುತು.

ನಾನು ಬೀಬಿಜಾನಳಿಗೆ ಅವಳ ಕುಂಟ ಆಡು ತರಲು ಹೇಳಿದೆ. ಹಗ್ಗ ಬಿಗಿಯಾಗಿ ಹಿಡಿದುಕೋ, ನಾನು ಹೇಳಿದ ತಕ್ಷಣ ಎಳೆ ಅಂದೆ. ಅವಳು ಹಗ್ಗವನ್ನು ಎರಡು ಸುತ್ತು ಕೈಗೆ ಸುತ್ತಿಕೊಂಡಳು. ಮೊದಲು ಬೇಲಿಯಿಂದ ಒಂದು ಹಸಿ ಕೊಂಬೆ ಮುರಿದು ಅದರ ಮೂತಿಯ ಮುಂದೆ ಹಿಡಿದೆ. ಆಡು ಮೂಸಿ, ಸೀನಿ, ಮುಖ ಆ ಕಡೆ ತಿರುಗಿಸಿತು.

“ನೋಡಿದ್ರಾ?” ಅಂದರು ರುದ್ರಪ್ಪ.

ಆಮೇಲೆ ರಾಶಿಯಿಂದ ಒಣಗಿದ ಒಂದು ಹಿಡಿ ಎತ್ತಿ ಅಷ್ಟೇ ದೂರದಲ್ಲಿ ಹಿಡಿದೆ. ಆಡು ಕಿವಿ ಮುಂದೆ ಮಾಡಿತು. ಕತ್ತು ಚಾಚಿತು. ನಾಲಿಗೆ ಹೊರಗೆ ಹಾಕಿತು. “ಯಾ ಅಲ್ಲಾ!” ಅಂತ ಬೀಬಿಜಾನ್ ಚೀರಿ ಎಳೆದ ರಭಸಕ್ಕೆ ಆಡೂ ಅವಳೂ ಒಟ್ಟಿಗೆ ನೆಲಕ್ಕೆ ಬಿದ್ದರು.

ನಾನು ಆ ಹಿಡಿಯನ್ನು ವಾಪಸು ರಾಶಿಗೆ ಎಸೆದೆ.

“ಒಣಗಿದರೆ ಕಹಿ ಕಮ್ಮಿಯಾಗುತ್ತೆ, ವಿಷ ಹೋಗಲ್ಲ,” ಅಂದೆ. “ಈ ಆಡುಗಳನ್ನ ಕೊಂದದ್ದು ಈ ರಾಶಿ. ಇದನ್ನ ದಾರಿಗೆ ಹಾಕಿಸಿದವರು ಯಾರು ರುದ್ರಪ್ಪನೋರೆ?”

ಅವರ ಮುಖ ಕಪ್ಪಿಟ್ಟಿತು. ಆದರೆ ಬಾಯಿ ಸೋಲಲಿಲ್ಲ. “ನಮ್ ಕಸದಾಗೆ ಬಾಯಿ ಹಾಕಾಕೆ ಅವಕ್ಕೆ ಯಾರು ಹೇಳಿದ್ರು? ಆಡು ಸಾಕೋರು ಕಟ್ಟಿ ಮೇಯಿಸ್ಬೇಕಿತ್ತು.”

ಸ್ವಾಮಿ, ಈಗ ಬರೆಯುವಾಗಲೂ ನನ್ನ ಸಿಟ್ಟು ಇಳಿದಿಲ್ಲ. ಅರ್ಧ ಗಂಟೆಯ ಹಿಂದೆ ಈ ಮನುಷ್ಯ ಕಟ್ಟೆಯ ಮೇಲೆ ಕೂತು ಇನ್ನೊಬ್ಬಳಿಗೆ ಆಣೆ ಮಾಡು ಅನ್ನುತ್ತಿದ್ದ. ತಪ್ಪು ಹನುಮಕ್ಕನದಾಗಿದ್ದರೆ ಅದು ವಿಷ, ತನ್ನದಾದ ಕೂಡಲೇ ಕಸ! ನಾನು ಸರ್ಕಾರಿ ನೌಕರಿಯಲ್ಲಿದ್ದೇನೆ ಎನ್ನುವುದನ್ನು ಮರೆತು ಏನೇನೋ ಅಂದೆ. ಅವರೂ, “ನಿಮ್ಮ ಕೆಲ್ಸ ನೋಡ್ಕಳ್ರಿ,” ಅಂದರು. “ಇದೇ ನನ್ನ ಕೆಲಸ,” ಅಂದೆ. ರಾಶಿಗೆ ಬೆಂಕಿ ಇಡಿಸುತ್ತೇನೆ ಅಂದರು. ಅದರ ಹೊಗೆಯೂ ಒಳ್ಳೆಯದಲ್ಲ, ನಿಮ್ಮ ಕಾಂಪೌಂಡಿನೊಳಗೇ ಗುಂಡಿ ತೋಡಿಸಿ ಮುಚ್ಚಿಸಿ, ಅಲ್ಲಿಯವರೆಗೂ ನಾನು ಇಲ್ಲಿಂದ ಕದಲಲ್ಲ ಅಂತ ಅಲ್ಲೇ ಒಂದು ಕಲ್ಲಿನ ಮೇಲೆ ಕೂತೆ. ಬೇರೆ ದಾರಿ ಕಾಣದೆ ತೋಡಿಸಿದರು.

ಆಗ ಬೀಬಿಜಾನ್ ಎದ್ದು ಸೀರೆಯ ಮಣ್ಣು ಕೂಡ ಕೊಡವದೆ ರುದ್ರಪ್ಪನ ಎದುರಿಗೆ ಬಂದು ನಿಂತಳು.

“ನಂಗೆ ಆಡು ಕೊಡ್ರಿ ಅಂತ ಕೇಳಲ್ಲ ಸಾಹುಕಾರ್ರೆ. ಹನುಮಕ್ಕ ಮಾಡಿಲ್ಲ ಅಂತ ಹೇಳ್ರಿ. ಬೆಳಿಗ್ಗೆ ಕಟ್ಟೆ ಮ್ಯಾಲೆ ಕುಂತು ಕೂಗಿದ್ರಲ್ಲ, ಅಷ್ಟೇ ಜೋರಾಗಿ ಹೇಳ್ರಿ.”

“ಆತು ಬಿಡಮ್ಮ, ಗೊತ್ತಾತಲ್ಲ ಎಲ್ಲರಿಗೂ. ಮುಗೀತು,” ಅಂತ ಅವರು ಗೇಟು ಹಾಕಿಕೊಂಡು ಒಳಗೆ ಹೋದರು.

ಮುಗೀತಂತೆ! ಹನುಮಕ್ಕ ಅಷ್ಟರಲ್ಲಿ ಯಾರ ಮುಖವನ್ನೂ ನೋಡದೆ ಮನೆ ಕಡೆ ನಡೆದಿದ್ದಳು. ಬೀಬಿಜಾನ್ ಅವಳ ಹಿಂದೆ ಓಡಿದಳು, ನಾನೂ ಹೋದೆ. ಹನುಮಕ್ಕ ಒಳಗಿನಿಂದ ಅರ್ಧ ಹೊಲಿದ ಕೌದಿ ತಂದು, ಮಡಚಿ, ಬೀಬಿಜಾನಳ ಜಗುಲಿಯ ಮೇಲೆ ಇಟ್ಟಳು.

“ಅವ್ರೆಲ್ಲಾ ಅಂದ್ರು, ಅಂದ್ಕಳ್ಲಿ. ನೀನು ಅಲ್ಲೇ ಕುಂತಿದ್ಯಲ್ಲ ಬೀಬಿ. ‘ನಮ್ಮಕ್ಕ ಅಂಥೋಳಲ್ಲ’ ಅಂತ ಒಂದು ಮಾತು ನಿನ್ನ ಬಾಯಾಗೆ ಬರಲಿಲ್ಲಲ್ಲ.”

“ನನ್ನ ತಲೆ ಕೆಟ್ಟೋಗಿತ್ತು ಅಕ್ಕ. ಐದು ಆಡು—”

“ನಂಗೂ ತಲೆ ಕೆಟ್ಟೈತೆ ಈಗ,” ಅಂತ ಬಾಗಿಲು ಹಾಕಿಕೊಂಡಳು.

ನಾನು ಆ ಮುಚ್ಚಿದ ಬಾಗಿಲಿನ ಹೊರಗೆ ಔಷಧಿ ಚೀಲ ಹಿಡಿದು ನಿಂತಿದ್ದೆ. ಬೀಬಿಜಾನ್ ಸುಮ್ಮನಿದ್ದದ್ದು ತಪ್ಪಾದರೆ, ಬಾಯಿಬಿಟ್ಟ ನನ್ನದು ಏನು? ತಪ್ಪಾಯಿತು ಅಂತ ಬಾಗಿಲಿಗೆ ಹೇಳಿ ಬರಬೇಕಿತ್ತು. ಹೇಳಲಿಲ್ಲ. ಅಷ್ಟು ಹೊತ್ತು ರುದ್ರಪ್ಪನಿಗೆ ಪಾಠ ಹೇಳಿದವಳು, ನನ್ನ ಸರದಿ ಬಂದಾಗ ಗಾಡಿಯ ಕೀಲಿ ಹುಡುಕುವ ನೆಪ ಮಾಡಿದೆ. ಜಗಳೂರಿಗೆ ಬಂದು ಆಡುಗಳ ಸಾವಿಗೆ ಕಾರಣ ಇಂಥದ್ದು ಅಂತ ನೀಟಾಗಿ ಬರೆದು ಸಹಿ ಹಾಕಿದೆ. ಆ ಕಾಗದದಲ್ಲಿ ಹನುಮಕ್ಕನ ಹೆಸರು ಬರೆಯಲು ಯಾವ ಕಾಲಮ್ಮೂ ಇರಲಿಲ್ಲ.

ಏಳೆಂಟು ತಿಂಗಳ ಮೇಲೆ ಆಡು ಕುರಿಗಳಿಗೆ ಲಸಿಕೆ ಹಾಕಲು ಮತ್ತೆ ಆ ಊರಿಗೆ ಹೋದೆ. ಬೇಲಿ ಹಾಗೇ ಇತ್ತು, ಇನ್ನಷ್ಟು ಸೊಂಪಾಗಿ, ಮೈತುಂಬ ಹೂ ಬಿಟ್ಟುಕೊಂಡು. ಒಂದು ಗಿಡವನ್ನೂ ಕಿತ್ತಿರಲಿಲ್ಲ. ಆದರೆ ಒಂದು ಬದಲಾವಣೆ ಆಗಿದೆ ಅಂತ ಚಾವಡಿಯಲ್ಲಿ ಕೂತವರು ಹೇಳಿದರು. ಬೇಲಿ ಕತ್ತರಿಸುವ ದಿನ ಹನುಮಕ್ಕ ಹೊಲದ ಕೆಲಸ ಬಿಟ್ಟು ಬಂದು ಆ ದಾರಿಯಲ್ಲಿ ನಿಲ್ಲುತ್ತಾಳಂತೆ. ಕೊನೆಯ ಕಡ್ಡಿ ಒಳಗೆ ಹೋಗಿ ಗುಂಡಿಗೆ ಬೀಳುವವರೆಗೂ ಅವಳ ಬಾಯಿ ನಿಲ್ಲುವುದಿಲ್ಲವಂತೆ. ರುದ್ರಪ್ಪ ಆ ದಿನಗಳಲ್ಲಿ ಮನೆಯಲ್ಲೇ ಇರುವುದಿಲ್ಲವಂತೆ.

ಲಸಿಕೆಗೆ ಬೀಬಿಜಾನ್ ತನ್ನ ಕುಂಟ ಆಡನ್ನೂ, ಅದು ಹಾಕಿದ್ದ ಎರಡು ಮರಿಗಳನ್ನೂ ತಂದಳು. ಮೂರನ್ನೂ ಒಬ್ಬಳೇ ಹಿಡಿಯಲಾರದೆ ಒದ್ದಾಡುತ್ತಿದ್ದಳು. ಎಲ್ಲಿದ್ದಳೋ ಹನುಮಕ್ಕ, ಬಂದವಳೇ ಬೀಬಿಜಾನಳ ಮುಖವನ್ನೂ ನೋಡದೆ ದೊಡ್ಡ ಆಡನ್ನು ಕಿವಿ ಹಿಡಿದು ತನ್ನ ಮೊಣಕಾಲ ನಡುವೆ ಇರುಕಿಕೊಂಡಳು. ಇಬ್ಬರಿಗೂ ಇನ್ನೂ ಮಾತಿಲ್ಲ ಅಂತ ಪಕ್ಕದವರು ನನ್ನ ಕಿವಿಯಲ್ಲಿ ಹೇಳಿದರು.

“ಏ ಆಡೇ,” ಅಂದಳು ಹನುಮಕ್ಕ, ಊರಿಗೆಲ್ಲ ಕೇಳುವ ಹಾಗೆ, “ನಿನ್ನ ಒಡತಿಗೆ ಹೇಳು. ನಾಳೆ ಬೇಲಿ ಕತ್ತರಿಸ್ತಾರೆ, ಆ ಕಡೆ ಹೊಡ್ಕಂಡ್ ಹೋಗ್ಬ್ಯಾಡ ಅಂತ.”

ಬೀಬಿಜಾನ್ ಮರಿಯ ತಲೆ ಸವರುತ್ತಾ, ಮರಿಗೇ ಹೇಳಿದಳು: “ನೀನೂ ಹೇಳಪ್ಪ ಆ ಅಕ್ಕನಿಗೆ. ಕೌದಿ ಅರ್ಧಕ್ಕೇ ನಿಂತೈತೆ, ಒಂದೇ ಕಡೆಯಿಂದ ಹೊಲಿದ್ರೆ ಸೊಟ್ಟ ಆಗ್ತೈತೆ ಅಂತ.”

“ಸೊಟ್ಟ ಆಗ್ಲಿ ಅನ್ನು,” ಅಂದಳು ಹನುಮಕ್ಕ. ಆದರೆ ಆಡಿನ ಕಿವಿ ಬಿಡಲಿಲ್ಲ.

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಲೇ ಚುಚ್ಚಿ ಸೂಜಿ ತೆಗೆದೆ. ಹನುಮಕ್ಕ ನಗಲಿಲ್ಲ. ಆಡಿನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕಡೆ ತಿರುಗಿಸಿದಳು.

“ಡಾಕ್ಟ್ರಮ್ಮೋರಿಗೂ ಒಂದು ಮಾತು ಹೇಳು,” ಅಂದಳು. “ಮೊದ್ಲು ಹೊಟ್ಟೆ ಕೊಯ್ದು ನೋಡ್ಬೇಕು, ಆಮೇಲೆ ಬಾಯಿ ಬಿಡ್ಬೇಕು ಅಂತ.”